ಮನ್ನವೂ ಮದ್ದೂ

(ಧರ್ಮಕೇಂದ್ರದ ಸಭಾಂಗಣದಲ್ಲಿ ಭಾನುವಾರದ ಪೂಜೆಯ ನಂತರ ಕೂಡಿದ ಕಾರ್ಮಿಕ ಕುಟುಂಬಗಳ ಮುಂದೆ ಉಪದೇಶಿಯೊಬ್ಬರು ಮಾಡಿದ ಭಾಷಣ)



ವಿಮೋಚನಾಕಾಂಡದ ೧೬ನೆಯ ಅಧ್ಯಾಯದಲ್ಲಿ ಬರುವ ಮನ್ನದ ಸಂಗತಿ ನಿಮಗೆಲ್ಲ ಗೊತ್ತಿದೆ. ಅರಣ್ಯದಲ್ಲಿ ಹಸಿದ ಜನರಿಗೆ ದೇವರು ಆಕಾಶದಿಂದ ಆಹಾರ ಕೊಟ್ಟರು. ಆದರೆ ಅದನ್ನು ಇಟ್ಟುಕೊಳ್ಳುವುದಕ್ಕೆ ಒಂದು ನಿಯಮವೂ ಇತ್ತು. ಬಿಸಿಲೇರಿದಾಗ ಅದು ಕರಗಿ ಹೋಗುತ್ತಿತ್ತು. ಮಾತು ಕೇಳದೆ ಮಾರನೆಯ ದಿನಕ್ಕೆ ಇಟ್ಟವರ ಮನೆಯಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ ದಿನಕ್ಕೆಂದು ಹೇಳಿದಂತೆ ಇಟ್ಟವರದ್ದು ಮಾತ್ರ ಕೆಡಲಿಲ್ಲ. ಕೊಡುವುದು ದೇವರ ಕೆಲಸ, ಕಾಪಾಡುವುದು ನಮ್ಮ ಕೆಲಸ ಎಂಬುದು ಇದರ ತಾತ್ಪರ್ಯ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇನೆ. ಹೇಳಿಕೊಡುತ್ತಿದ್ದ ನಾನೇ ಒಂದು ದಿನ ಅದನ್ನು ಮರೆತೆ. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತದ್ದನ್ನು ಹೇಳುವುದಕ್ಕಾಗಿ ಈ ದಿನ ನಿಂತಿದ್ದೇನೆ.

ನಮ್ಮಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಸಾಲುಮನೆ ಈಗ ಸಿಗುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು ೨೦೨೩ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ವಯಸ್ಕರ ಪೈಕಿ ಶೇಕಡಾ ೧೧.೪ ಮಂದಿಗೆ ಈ ಕಾಯಿಲೆ ಇದೆ. ಗೋವಾದಲ್ಲಿ ಶೇಕಡಾ ೨೬.೪. ಎಲ್ಲ ರಾಜ್ಯಗಳಿಗಿಂತ ಇದೇ ಹೆಚ್ಚು. ಇದು ಬಂಗಲೆಯವರ ರೋಗ, ದುಡಿಯುವವರಿಗೆ ಬರುವುದಿಲ್ಲ ಎಂಬ ಮಾತನ್ನು ಇನ್ನು ಬಿಡಬೇಕು. ಅಡಿಕೆ ಕುಳಾಗರದಲ್ಲಿ ನೀರು ಕಟ್ಟುವವನಿಗೂ ಬಂದಿದೆ, ವೆರ್ಣಾದಲ್ಲಿ ಪಾಳಿ ಮಾಡುವವಳಿಗೂ ಬಂದಿದೆ.

ಈಗ ನಡೆದ ಸಂಗತಿ ಕೇಳಿ. ನಮ್ಮವರೇ ಒಬ್ಬರು, ಗದಗದ ಕಡೆಯವರು, ತೋಟದ ಕೆಲಸದವರು. ಹೆಸರು ಬೇಡ, ಹೇಳಲು ಅವರ ಒಪ್ಪಿಗೆ ಇದೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ಎರಡು ಬಾಟಲಿ ತಂದರು. ಊರಿನ ಜಾತ್ರೆಗೆ ಹೋಗುವುದಿತ್ತು. "ಉಪದೇಶಿಗಳೇ, ಒಂದು ಬಾಟಲಿ ಒಯ್ತೀನ್ರೀ, ಇನ್ನೊಂದು ಎಲ್ಲಿಡ್ಲಿ? ನಮ್ಮ ಖೋಲಿ ತಗಡಿನದು, ಮಧ್ಯಾಹ್ನ ಒಲೀಗತೆ ಕಾಯ್ತದ" ಎಂದು ಕೇಳಿದರು. ತಣ್ಣಗಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ತಿಳಿವಳಿಕೆ. ನಾನೇ ಬಾಟಲಿಯನ್ನು ತೆಗೆದುಕೊಂಡು ಹೋಗಿ ಪರಿಚಯದ ಅಂಗಡಿಯವರ ಫ್ರಿಜ್ಜಿನಲ್ಲಿ, ಮೇಲಿನ ಐಸ್ ಪೆಟ್ಟಿಗೆಯೊಳಗೆ ಇಡಿಸಿದೆ.

ಅವರು ಒಯ್ದ ಬಾಟಲಿ ಬಟ್ಟೆಯ ಟ್ರಂಕಿನಲ್ಲಿ, ಬಸ್ಸಿನ ಸಾಮಾನಿನ ಡಿಕ್ಕಿಯಲ್ಲಿ ಹೋಯಿತು. ಊರಲ್ಲಿ ಹದಿನೈದು ದಿನ ಕಿಟಕಿಯ ಮೇಲೆ ಕೂತಿತ್ತು. ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡರು, ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ಮೈಯಲ್ಲಿ ಶಕ್ತಿಯಿಲ್ಲ. ಜಾತ್ರೆಯ ಊಟದಿಂದ ಹೀಗಾಯಿತು ಎಂದುಕೊಂಡರು. ಮರಳಿ ಬಂದು ಅಂಗಡಿಯಲ್ಲಿಟ್ಟಿದ್ದ ಬಾಟಲಿ ತೆಗೆಸಿದರೆ ಅದು ಗಟ್ಟಿ ಮಂಜುಗಡ್ಡೆಯಾಗಿತ್ತು. ಕರಗಿಸಿಕೊಂಡು ಅದನ್ನೂ ಮೂರು ವಾರ ಚುಚ್ಚಿಕೊಂಡರು. ಅಷ್ಟರಲ್ಲಿ ರಬ್ಬರ್ ಬೂಟು ಉಜ್ಜಿ ಕಾಲಿನಲ್ಲಿ ಎದ್ದ ಬೊಬ್ಬೆ ಒಡೆದು ಹುಣ್ಣಾಗಿತ್ತು. ಮಾಯಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ ಬಹಳ ಏರಿತ್ತು. ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು.

ಅಲ್ಲಿಯ ಸಿಸ್ಟರ್ ಒಬ್ಬರು, "ಮದ್ದನ್ನು ಎಲ್ಲಿ ಇಟ್ಟಿದ್ದಿರಿ?" ಎಂದು ಕೇಳಿದರು. ಅಲ್ಲಿಯತನಕ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಬೆರಳು ಹೋದದ್ದಕ್ಕೆ ಮದ್ದೊಂದೇ ಕಾರಣ ಎಂದು ಡಾಕ್ಟರರು ಹೇಳಲಿಲ್ಲ. ಆದರೆ ಐದು ವಾರ ಆತ ಚುಚ್ಚಿಕೊಂಡದ್ದರಲ್ಲಿ ಮದ್ದಿನ ಶಕ್ತಿ ಉಳಿದಿರಲಾರದು ಎಂದರು. ಒಂದು ಬಾಟಲಿ ಬಿಸಿಗೆ ಕೆಟ್ಟಿತು, ಇನ್ನೊಂದು ನನ್ನ ಮಾತಿನಿಂದ ಹೆಪ್ಪುಗಟ್ಟಿ ಕೆಟ್ಟಿತು. ಆ ದಿನ ನನಗೆ ಊಟ ಸೇರಲಿಲ್ಲ.

ಇನ್ಸುಲಿನ್ ಎಂದರೇನು? ನಮ್ಮ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಮಾಡುವ ರಸ. ೧೯೨೧ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಜೊತೆಗಾರರು ಇದನ್ನು ಕಂಡುಹಿಡಿದರು. ೧೯೨೨ರ ಜನವರಿಯಲ್ಲಿ ೧೪ ವರ್ಷದ ಹುಡುಗನೊಬ್ಬನಿಗೆ ಮೊದಲು ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಅವನು ಬದುಕಿದನು. ಇದು ಮೊಟ್ಟೆಯ ಬಿಳಿಯ ಹಾಗೆ ಒಂದು ಬಗೆಯ ಪ್ರೋಟೀನು. ಮೊಟ್ಟೆಯನ್ನು ಕಾಯಿಸಿದರೆ ಬಿಳಿ ಗಟ್ಟಿಯಾಗುತ್ತದೆ, ಆರಿಸಿದರೆ ಮತ್ತೆ ನೀರಾಗುವುದಿಲ್ಲ. ಇನ್ಸುಲಿನ್ನೂ ಹಾಗೆಯೇ. ಒಮ್ಮೆ ಕೆಟ್ಟರೆ ತಿರುಗಿ ಸರಿಯಾಗುವುದಿಲ್ಲ. ಅದಕ್ಕೆ ಬಿಸಿಯೂ ಶತ್ರು, ಹೆಪ್ಪುಗಟ್ಟುವ ತಣ್ಣಗೂ ಶತ್ರು, ನೇರ ಬಿಸಿಲೂ ಶತ್ರು.

ಆದ್ದರಿಂದ ಈ ಮಾತುಗಳನ್ನು ಮನಸ್ಸಿನಲ್ಲಿಡಿ.

ಮೊದಲನೆಯದು, ತೆರೆಯದ ಬಾಟಲಿ. ಇದನ್ನು ೨ರಿಂದ ೮ ಡಿಗ್ರಿ ತಣ್ಣಗಿನಲ್ಲಿ, ಅಂದರೆ ಫ್ರಿಜ್ಜಿನೊಳಗೆ ಇಡಬೇಕು. ಐಸ್ ಪೆಟ್ಟಿಗೆಯಲ್ಲಿ ಬೇಡ, ಅದರ ಕೆಳಗೇ ಬೇಡ, ಹಿಂಬದಿಯ ಗೋಡೆಗೆ ತಾಗಿಸಿಯೂ ಬೇಡ. ಒಂದು ಡಬ್ಬಿಯಲ್ಲಿ ಹಾಕಿ ಮಧ್ಯದ ಅಥವಾ ಕೆಳಗಿನ ಹಲಗೆಯ ಮೇಲೆ ಇಡಿ. ಹೆಪ್ಪುಗಟ್ಟಿದ್ದು ಕಂಡರೆ ಕರಗಿಸಿ ಬಳಸಬೇಡಿ.

ಎರಡನೆಯದು, ತೆರೆದ ಬಾಟಲಿ. ಸಾಮಾನ್ಯವಾಗಿ ೨೮ ದಿನ, ಅಂದರೆ ನಾಲ್ಕು ವಾರ. ಕೆಲವು ಬಗೆಯವಕ್ಕೆ ಕಂಪನಿಯವರು ಹೆಚ್ಚು ದಿನ ಬರೆದಿರುತ್ತಾರೆ, ಪೊಟ್ಟಣದ ಚೀಟಿಯನ್ನು ಓದಿಸಿಕೊಳ್ಳಿ. ಈ ದಿನಗಳಲ್ಲಿ ಫ್ರಿಜ್ಜಿನ ಹೊರಗೂ ಇಡಬಹುದು, ಆದರೆ ಜಾಗ ಸುಮಾರು ೨೫ರಿಂದ ೩೦ ಡಿಗ್ರಿ ದಾಟಬಾರದು. ನಾಲ್ಕು ವಾರದ ಲೆಕ್ಕ ಯಾಕೆ ಮುಖ್ಯ? ನಮ್ಮ ೧೦ ಮಿಲಿ ಬಾಟಲಿಯಲ್ಲಿ ಸಾಮಾನ್ಯವಾಗಿ ೪೦೦ ಯೂನಿಟ್ ಇರುತ್ತದೆ. ದಿನಕ್ಕೆ ೩೦ ಯೂನಿಟ್ ಹಾಕುವವರಿಗೆ ಅದು ಹದಿಮೂರು ದಿನದಲ್ಲಿ ಮುಗಿಯುತ್ತದೆ. ದಿನಕ್ಕೆ ೧೦ ಯೂನಿಟ್ ಹಾಕುವ ಅಜ್ಜಿಗೆ ೪೦ ದಿನ ಬರುತ್ತದೆ, ಕೊನೆಯ ಹನ್ನೆರಡು ದಿನದ ಮದ್ದು ನಂಬುವಂಥದ್ದಲ್ಲ. ತೆರೆದ ದಿನವನ್ನು ಬಾಟಲಿಯ ಮೇಲೆ ಪಟ್ಟಿ ಅಂಟಿಸಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ.

ಮೂರನೆಯದು, ಅವಧಿಯ ತಾರೀಖು. ಇ, ಎಕ್ಸ್, ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ತಿಂಗಳು ಮತ್ತು ವರ್ಷ ಇರುತ್ತದೆ. ೮ನೆಯ ತಿಂಗಳು, ೨೦೨೭ ಎಂದಿದ್ದರೆ ಆ ಆಗಸ್ಟ್ ಕೊನೆಯ ತನಕ. ಆದರೆ ಈ ತಾರೀಖು ತೆರೆಯದೆ, ಸರಿಯಾಗಿ ತಣ್ಣಗಿಟ್ಟ ಬಾಟಲಿಗೆ ಮಾತ್ರ. ತೆರೆದ ಮೇಲೆ ಆ ತಾರೀಖನ್ನು ತೋರಿಸಿ ವಾದ ಮಾಡಬೇಡಿ. ಆಗ ನಾಲ್ಕು ವಾರದ ಲೆಕ್ಕ. ಎರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದೇ ಕೊನೆ.

ನಾಲ್ಕನೆಯದು, ಕಣ್ಣಿನ ಪರೀಕ್ಷೆ. ಕೆಲವು ಇನ್ಸುಲಿನ್ ನೀರಿನಂತೆ ತಿಳಿಯಾಗಿರಬೇಕು. ಅದು ಮಸುಕಾದರೆ ಬಿಸಾಡಬೇಕು. ೩೦/೭೦ ಎಂಬ ಮಿಶ್ರಣ ಹಾಲಿನಂತೆ ಬೆಳ್ಳಗೇ ಇರುತ್ತದೆ. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದಾಗ ಒಂದೇ ಸಮ ಆಗಬೇಕು. ಹರಳು, ಉಂಡೆ, ಗಾಜಿಗೆ ಹಿಮ ಹಿಡಿದಂಥ ಬಿಳುಪು ಕಂಡರೆ ಬೇಡ. ಆದರೆ ನೋಡಲು ಚೆನ್ನಾಗಿದ್ದೂ ಶಕ್ತಿ ಹೋಗಿರಬಹುದು. ಕಾರಣವಿಲ್ಲದೆ ಸಕ್ಕರೆ ಏರುತ್ತಿದ್ದರೆ ಬಾಟಲಿಯ ಮೇಲೂ ಸಂಶಯ ಇರಲಿ.

ಸಂಶಯ ಬಂತೆಂದು ಚುಚ್ಚಿಕೊಳ್ಳುವುದನ್ನು ನಿಲ್ಲಿಸಿ ಮನೆಯಲ್ಲಿ ಕೂರಬೇಡಿ. ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂದವರಿಗೆ ಇನ್ಸುಲಿನ್ ಇಲ್ಲದಿದ್ದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಬಾಟಲಿಯನ್ನು ಕೈಯಲ್ಲಿ ಹಿಡಿದು ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೆಟ್ಟ ಮದ್ದು ಹಾಕುತ್ತಿದ್ದಾಗ ಪ್ರಮಾಣ ಏರಿಸಿದ್ದರೆ ಅದನ್ನು ಡಾಕ್ಟರರಿಗೆ ಹೇಳಿ. ಅದೇ ಪ್ರಮಾಣದಲ್ಲಿ ಹೊಸ, ಶಕ್ತಿಯುಳ್ಳ ಮದ್ದು ಹಾಕಿದರೆ ಸಕ್ಕರೆ ತೀರ ಇಳಿದು ಬೆವರು, ನಡುಕ ಬಂದು ಎಚ್ಚರ ತಪ್ಪಬಹುದು.

"ಇದೆಲ್ಲ ಖರೇ, ಆದರೆ ಫ್ರಿಜ್ ಎಲ್ಲೈತ್ರೀ?" ಎಂದು ಹಿಂದಿನ ಸಾಲಿನ ಅಕ್ಕ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಹಿರಿಯರು ನೀರು ತಣ್ಣಗಿಡುತ್ತಿದ್ದ ಗಡಿಗೆಯೇ ಇಲ್ಲಿ ನೆರವಿಗೆ ಬರುತ್ತದೆ. ಒಂದು ದೊಡ್ಡ ಮಣ್ಣಿನ ಗಡಿಗೆ, ಒಳಗೆ ಒಂದು ಚಿಕ್ಕದು, ನಡುವೆ ಮರಳು. ಮರಳನ್ನು ದಿನಕ್ಕೆ ಎರಡು ಸಲ ನೀರಿನಿಂದ ನೆನೆಸಿ. ಮದ್ದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಒಳಗಿಡಿ, ನೀರು ತಾಗಬಾರದು. ಮೇಲೆ ಒದ್ದೆ ಅರಿವೆ ಹೊದಿಸಿ ನೆರಳಲ್ಲಿ, ಗಾಳಿಯಾಡುವ ಕಡೆ, ಒಲೆಯಿಂದ ದೂರ ಇಡಿ. ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ವಿಜಾಪುರದ ಒಣ ಗಾಳಿಯಲ್ಲಿ ಆಗುವಷ್ಟು ತಂಪು ಇಲ್ಲಿ ಆಗುವುದಿಲ್ಲ. ಆದರೂ ತಗಡಿನ ಕೆಳಗಿನ ಕಪಾಟಿಗಿಂತ ಎಷ್ಟೋ ವಾಸಿ. ಕೀನ್ಯಾ ದೇಶದ ದಾದಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಹಗಲುರಾತ್ರಿಯ ಬಿಸಿ ೨೫ರಿಂದ ೩೭ ಡಿಗ್ರಿವರೆಗೆ ಏರಿಳಿಯುತ್ತಿತ್ತು. ಗಡಿಯಿಲ್ಲದ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಆ ಏರಿಳಿತದಲ್ಲೇ ಇನ್ಸುಲಿನ್ ಇಟ್ಟು ಪರೀಕ್ಷಿಸಿ, ನಾಲ್ಕು ವಾರ ಶಕ್ತಿ ಉಳಿಯಿತೆಂದು ೨೦೨೧ರಲ್ಲಿ ಪ್ರಕಟಿಸಿದರು. ಹಾಗೆಂದು ಬಿಸಿಲಲ್ಲಿ ಬಿಡಬಹುದು ಎಂದಲ್ಲ. ಬಡವರ ಮನೆಯಲ್ಲೂ ಜಾಗ್ರತೆಯಿಂದ ಇಟ್ಟರೆ ಮದ್ದು ಉಳಿಯುತ್ತದೆ ಎಂಬ ಧೈರ್ಯಕ್ಕಾಗಿ ಹೇಳಿದೆ.

ಊರಿಗೆ ಹೋಗುವಾಗ ಮದ್ದು ಟ್ರಂಕಿನಲ್ಲಿ ಬೇಡ, ಕೈಚೀಲದಲ್ಲಿ, ನಿಮ್ಮ ಮಡಿಲಲ್ಲೇ ಇರಲಿ. ಒದ್ದೆ ಕರವಸ್ತ್ರ ಸುತ್ತಿದ ಡಬ್ಬಿ ಸಾಕು. ಐಸಿನೊಂದಿಗೆ ಒಯ್ದರೆ ಬಾಟಲಿಗೂ ಐಸಿಗೂ ನಡುವೆ ದಪ್ಪ ಬಟ್ಟೆ ಇರಲೇಬೇಕು.

ಸಿರಿಂಜಿನ ವಿಷಯ ಒಂದು ಮಾತು. ೪೦ರ ಬಾಟಲಿಗೆ ಕೆಂಪು ಟೋಪಿಯ ಸಿರಿಂಜು, ೧೦೦ರ ಮದ್ದಿಗೆ ಕಿತ್ತಳೆ ಟೋಪಿಯದು. ಅದಲುಬದಲು ಮಾಡಿದರೆ ಮದ್ದು ಎರಡೂವರೆ ಪಟ್ಟು ಹೆಚ್ಚು ಕಡಿಮೆಯಾಗುತ್ತದೆ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ಆರೋಗ್ಯ ಕೇಂದ್ರಕ್ಕೆ ಕೊಡಿ. ತೋಟದಲ್ಲಿ ಎಸೆಯಬೇಡಿ, ಅಲ್ಲಿ ಬರಿಗಾಲಲ್ಲಿ ಓಡುವವರು ನಮ್ಮ ಮಕ್ಕಳೇ.

ಈಗ ಹೊಸದೊಂದು ಸಂಗತಿ. ಮೈ ಇಳಿಸುವ ಇಂಜೆಕ್ಷನ್ ಬಂದಿದೆ. ನಮ್ಮ ದೇಶದ ಪೇಟೆಗೆ ೨೦೨೫ರ ಮಾರ್ಚಿಯಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ಬಂದವು. ಬಂಗಲೆಗಳಲ್ಲಿ ಮನೆಗೆಲಸ ಮಾಡುವ ನಮ್ಮ ತಂಗಿಯೊಬ್ಬಳು ಹೋದ ತಿಂಗಳು ಅರ್ಧ ಬಳಸಿದ ಪೆನ್ನೊಂದನ್ನು ನನಗೆ ತೋರಿಸಿದಳು. "ಬಾಯಿ ಕೊಟ್ಟಾರ. ನನಗ ಒಗ್ಗಲಿಲ್ಲ, ನಿನ್ನ ಗಂಡಗೂ ಶುಗರ್ ಐತಲ್ಲ, ಅವಗ ಹಾಕು ಅಂದಾರ" ಎಂದಳು. ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಾನು ಬೇಡವೆಂದೆ. ಕಾರಣಗಳನ್ನು ಹೇಳುತ್ತೇನೆ.

ಒಬ್ಬರು ಚುಚ್ಚಿಕೊಂಡ ಪೆನ್ನಿನೊಳಕ್ಕೆ ಕಣ್ಣಿಗೆ ಕಾಣದಷ್ಟು ರಕ್ತ ಹೋಗಿರಬಹುದು. ಸೂಜಿ ಬದಲಿಸಿದರೂ ರಕ್ತದಿಂದ ಹರಡುವ ರೋಗ ಬರಬಹುದು. ಎರಡನೆಯದಾಗಿ, ಅದನ್ನು ತೆರೆದದ್ದು ಯಾವಾಗ, ಎಲ್ಲಿ ಇಟ್ಟಿದ್ದರು ಎಂಬುದು ಗೊತ್ತಿಲ್ಲ. ಇದೂ ೨ರಿಂದ ೮ ಡಿಗ್ರಿಯಲ್ಲಿ ಇಡಬೇಕಾದ, ಹೆಪ್ಪುಗಟ್ಟಿದರೆ ಬಿಸಾಡಬೇಕಾದ ಮದ್ದು. ತೆರೆದ ಮೇಲೆ ಎಷ್ಟು ದಿನ ಎಂಬುದು ಒಂದೊಂದಕ್ಕೆ ಒಂದೊಂದು ರೀತಿ, ಚೀಟಿಯೇ ಪ್ರಮಾಣ. ಮೂರನೆಯದಾಗಿ, ಇದು ಇನ್ಸುಲಿನ್ ಅಲ್ಲ, ಅದರ ಬದಲಿಗೆ ಹಾಕುವಂಥದ್ದೂ ಅಲ್ಲ. ಇದನ್ನು ವಾರಕ್ಕೊಮ್ಮೆ, ಬಹಳ ಕಡಿಮೆಯಿಂದ ಆರಂಭಿಸಿ ತಿಂಗಳಿಗೊಮ್ಮೆ ಏರಿಸುತ್ತಾರೆ; ಸೆಮಾಗ್ಲುಟೈಡ್ ಎಂಬುದಾದರೆ ಕಾಲು ಮಿಲಿಗ್ರಾಮಿನಿಂದ. ಏರಿಸಿದ ಪೆನ್ನನ್ನು ಹೊಸಬರು ಒಮ್ಮೆಲೇ ಹಾಕಿದರೆ ವಾಂತಿ ಭೇದಿಯಾಗಿ ಕೂಲಿಗೂ ಹೋಗಲಾಗದು. ಬಸುರಿಯರು ಮುಟ್ಟಲೇಬಾರದು. ಖೋಟಾ ಪೆನ್ನುಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ೨೦೨೪ರ ಜೂನ್‌ನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ. ಬೇಕಾದವರು ಡಾಕ್ಟರರ ಚೀಟಿಯಿಂದ, ಬಿಲ್ಲು ಕೊಡುವ ಅಂಗಡಿಯಿಂದಲೇ ಪಡೆಯಲಿ. ನೆನಪಿಡಿ, ಸೀರೆ, ಪಾತ್ರೆ ಕೊಟ್ಟರೆ ತೆಗೆದುಕೊಳ್ಳಬಹುದು. ತೆರೆದ ಮದ್ದನ್ನು ತೆಗೆದುಕೊಳ್ಳಬಾರದು.

ಕಡೆಯದಾಗಿ ಯೂನಿಯನ್ನಿನ ಮಾತು. ನಮ್ಮ ತೋಟದ ಆಫೀಸಿನಲ್ಲಿ ಒಂದು ಫ್ರಿಜ್ಜಿದೆ. ಅದರಲ್ಲಿ ಒಂದು ಹಲಗೆ ರೋಗಿಗಳ ಮದ್ದಿಗೆ ಬಿಟ್ಟುಕೊಡಿ ಎಂದು ಕೇಳಿದಾಗ ಮೊದಲು ನಕ್ಕರು. ಬೆರಳು ಕಳೆದುಕೊಂಡ ನಮ್ಮ ಸಹೋದರರನ್ನೇ ಜೊತೆಗೆ ಕರೆದುಕೊಂಡು ಎರಡನೆಯ ಸಲ ಹೋದೆವು. ಅವರು ಏನೂ ಮಾತಾಡಲಿಲ್ಲ, ಚಪ್ಪಲಿ ಕಳಚಿ ನಿಂತರು. ಆಮೇಲೆ ಹಲಗೆ ಸಿಕ್ಕಿತು. ಈಗ ಅಲ್ಲಿ ಬೀಗದ ಡಬ್ಬಿಯಿದೆ, ಪ್ರತಿ ಬಾಟಲಿಯ ಮೇಲೆ ಹೆಸರು, ತಾರೀಖು ಇದೆ, ಕೀಲಿ ನಮ್ಮ ಇಬ್ಬರು ತಂಗಿಯರ ಕೈಯಲ್ಲಿದೆ. ಕರೆಂಟು ಹೋದರೆ ಬಾಗಿಲು ತೆರೆಯಬಾರದೆಂದು ಅವರೇ ಚೀಟಿ ಅಂಟಿಸಿದ್ದಾರೆ. ಪ್ರತಿಯೊಂದು ಎಸ್ಟೇಟಿನಲ್ಲೂ ಇದನ್ನು ಕೇಳಿರಿ. ಇದಕ್ಕೆ ಯಜಮಾನರಿಗೆ ತಗಲುವ ಖರ್ಚು ಏನೂ ಇಲ್ಲ. ಸಂಬಳ ಏರಿಸಲು ಹೋರಾಡುವಷ್ಟೇ ನ್ಯಾಯ ಇದರಲ್ಲೂ ಇದೆ, ಏಕೆಂದರೆ ದುಡಿಯುವ ಕೈಕಾಲು ಉಳಿದರೆ ತಾನೇ ಸಂಬಳ?

ಯೇಸುಸ್ವಾಮಿ ಐದು ಸಾವಿರ ಜನರಿಗೆ ಉಣಿಸಿದ ಮೇಲೆ ಉಳಿದ ತುಂಡುಗಳನ್ನು ಹಾಳಾಗಲು ಬಿಡದೆ ಕೂಡಿಸಿರೆಂದು ಶಿಷ್ಯರಿಗೆ ಅಪ್ಪಣೆ ಕೊಟ್ಟರು. ಅದ್ಭುತ ಮಾಡಬಲ್ಲವರೇ ಬುಟ್ಟಿಯ ಲೆಕ್ಕ ಇಟ್ಟರು. ಈ ಸಂಜೆ ಮನೆಗೆ ಹೋದ ಕೂಡಲೇ ನಿಮ್ಮ ಬಾಟಲಿಯನ್ನು ಕೈಗೆತ್ತಿಕೊಳ್ಳಿ, ತಾರೀಖು ನೋಡಿ, ಇಟ್ಟ ಜಾಗ ನೋಡಿ. ನೆರೆಮನೆಯಲ್ಲಿ ಓದಲು ಬಾರದ ಅಜ್ಜ ಅಜ್ಜಿ ಇದ್ದರೆ ಅವರದ್ದನ್ನೂ ನೋಡಿ ಹೇಳಿ. ನನ್ನಂತೆ ತಿಳಿಯದೆ ಸಲಹೆ ಕೊಡಬೇಡಿ; ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಂಡು ಹೇಳೋಣ.

ದೇವರು ನಮ್ಮ ರೋಗಿಗಳನ್ನೂ ಅವರನ್ನು ಆರೈಕೆ ಮಾಡುವ ಕೈಗಳನ್ನೂ ಆಶೀರ್ವದಿಸಲಿ. ಆಮೆನ್.