ಸಿಂಧೂ ಬಯಲಿನ ಮಡಕೆ, ಮಣಿಗಳು

ಮನೆಯಲ್ಲಿ ಮಡಕೆಯೊಂದು ಒಡೆದರೆ ಅದರ ಚೂರುಗಳನ್ನು ಹಿತ್ತಿಲಿಗೆ ಎಸೆಯುತ್ತೇವೆ. ಮಕ್ಕಳು ಅವುಗಳಲ್ಲೊಂದನ್ನು ಆರಿಸಿ, ಅಂಚನ್ನು ಉಜ್ಜಿ, ಕುಂಟಾಟದ ಬಿಲ್ಲೆ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ಬೋಕಿಯ ಕಥೆ ತೀರಿತೆಂದು ನಮ್ಮ ಎಣಿಕೆ. ಆದರೆ ಅದು ತೀರುವುದಿಲ್ಲ. ಮರ ಗೆದ್ದಲಿಗೆ ಆಹಾರವಾಗುತ್ತದೆ, ಬಟ್ಟೆ ಕೊಳೆಯುತ್ತದೆ, ಬಂಗಾರವನ್ನು ಮುಂದೆ ಬಂದವರು ಕರಗಿಸಿ ತಮಗೆ ಬೇಕಾದ ಒಡವೆ ಮಾಡಿಸಿಕೊಳ್ಳುತ್ತಾರೆ. ಬೆಂದ ಮಣ್ಣನ್ನಾದರೋ ಕದಿಯುವವರಿಲ್ಲ, ಕರಗಿಸುವವರಿಲ್ಲ, ನೆಲವೂ ಅದನ್ನು ತಿನ್ನದು. ಪ್ರಾಕ್ತನ ಶಾಸ್ತ್ರಜ್ಞರು ಚಿನ್ನಕ್ಕಿಂತ ಬೋಕಿಯನ್ನು ಹೆಚ್ಚಾಗಿ ನಂಬುವುದು ಇದರಿಂದಲೇ.

೧೯೨೧ರಲ್ಲಿ ದಯಾರಾಮ ಸಾಹನಿಯವರು ಹರಪ್ಪದಲ್ಲಿಯೂ, ಮರುವರ್ಷ ರಾಖಾಲದಾಸ ಬ್ಯಾನರ್ಜಿಯವರು ಮೊಹೆಂಜೊದಾರೊದಲ್ಲಿಯೂ ಅಗೆತ ನಡೆಸಿದರು. ಹೀಗೆ ಬೆಳಕಿಗೆ ಬಂದ ನಾಗರಿಕತೆಯ ಸುದ್ದಿಯನ್ನು ೧೯೨೪ರಲ್ಲಿ ಸರ್ ಜಾನ್ ಮಾರ್ಷಲ್ ಜಗತ್ತಿಗೆ ಸಾರಿದರು. ಈ ಎರಡು ಊರುಗಳೂ ಇಂದು ಪಾಕಿಸ್ತಾನದಲ್ಲಿವೆ. ಕ್ರಿಸ್ತಪೂರ್ವ ೨೬೦೦ರಿಂದ ೧೯೦೦ರ ವರೆಗೆ, ಅಂದರೆ ಸುಮಾರು ಏಳುನೂರು ವರ್ಷ, ಅಲ್ಲಿ ನಗರಜೀವನ ತುಂಬಿ ಹರಿಯಿತು. ಅಲ್ಲಿಯ ಲಿಪಿಯನ್ನು ಓದಿ ಎಲ್ಲರನ್ನೂ ಒಪ್ಪಿಸಿದವರು ಇನ್ನೂ ಹುಟ್ಟಿಲ್ಲ. ಒಬ್ಬ ಅರಸನ ಹೆಸರಾಗಲಿ, ಒಂದು ಯುದ್ಧದ ಹೆಸರಾಗಲಿ ನಮಗೆ ದೊರೆತಿಲ್ಲ. ಪಟ್ಟಾಭಿಷೇಕದ ವರ್ಷಗಳನ್ನು ಬಾಯಿಪಾಠ ಮಾಡಿಸಿ ಪರೀಕ್ಷೆಗೆ ಕಳುಹಿಸುವ ನನ್ನಂಥ ಉಪಾಧ್ಯಾಯರಿಗೆ ಇದೊಂದು ಪೇಚು. ಏಳುನೂರು ವರ್ಷಗಳ ಚರಿತ್ರೆಯನ್ನು ಕುಂಬಾರನ ಬಾಯಿಂದ, ಮಣಿಗಾರನ ಬಾಯಿಂದ ಕೇಳಬೇಕಾಗಿದೆ.

ಮೊದಲು ಕುಂಬಾರನನ್ನು ಕೇಳೋಣ. ಸಂಸ್ಕೃತದ ಕುಂಭಕಾರನೇ ನಮ್ಮಲ್ಲಿ ಕುಂಬಾರನಾದ; ಅವನ ಚಕ್ರಕ್ಕೆ ಮಾತ್ರ ತಿಗುರಿ ಎಂಬ ಹೆಸರು. ಸಿಂಧೂ ಬಯಲಿನ ಬಹುಪಾಲು ಪಾತ್ರೆಗಳು ತಿಗುರಿಯ ಮೇಲೆಯೇ ಎದ್ದವು. ಅವನ ಆವಿಗೆಗಳೂ ದೊರೆತಿವೆ. ಕೆಳಗೆ ಬೆಂಕಿಯ ಗೂಡು, ಅದರ ಮೇಲೆ ತೂತು ತೂತಾದ ನೆಲ, ಆ ನೆಲದ ಮೇಲೆ ಪಾತ್ರೆಗಳು. ಉರಿ ತೂತುಗಳಲ್ಲಿ ಹಾಯ್ದು ಮೇಲೇರಿ ಎಲ್ಲ ಪಾತ್ರೆಗಳನ್ನೂ ತಾಕುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ಕಟ್ಟಿದರೆ ಪಾತ್ರೆ ಕಪ್ಪಾಗುತ್ತದೆ. ಉರಿಯನ್ನು ಅಳೆಯುವ ಯಂತ್ರವಿಲ್ಲದ ಕಾಲದಲ್ಲಿ ಇದನ್ನೆಲ್ಲ ಕಣ್ಣಳತೆಯಿಂದಲೇ ನಡೆಸಬೇಕು. ಕೆಂಪು ಲೇಪದ ಮೇಲೆ ಅವರು ಕಪ್ಪು ಬಣ್ಣದಿಂದ ಅರಳಿಯ ಎಲೆ, ನವಿಲು, ಮೀನಿನ ಹುರುಪೆ, ಒಂದರೊಳಗೊಂದು ಹೆಣೆದುಕೊಂಡ ವೃತ್ತಗಳು ಮುಂತಾದುವನ್ನು ಬರೆದರು.

ಎಲ್ಲವೂ ಚೆಲುವಾದ ಕೆಲಸವೆಂದು ಭಾವಿಸಬೇಡಿ. ತಳ ಚೂಪಾದ ಒರಟು ಲೋಟಗಳು ಅಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಒಮ್ಮೆ ಕುಡಿದು ಎಸೆಯುವುದಕ್ಕೆ ಮಾಡಿದವು ಇವು ಎಂದು ವಿದ್ವಾಂಸರ ಊಹೆ; ಉತ್ತರ ದೇಶದ ರೈಲು ನಿಲ್ದಾಣಗಳಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿದವರಿಗೆ ಇದು ಥಟ್ಟನೆ ಅರ್ಥವಾದೀತು. ಕೆಲವು ಲೋಟಗಳ ಮೇಲೆ ಸುಡುವ ಮೊದಲೇ ಒತ್ತಿದ ಮುದ್ರೆಯೂ ಇದೆ. ನಮ್ಮ ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ರಗಳೆ ಬರೆದ. ಗುಂಡಯ್ಯನ ಗಡಿಗೆಯ ತಾಳಕ್ಕೆ ಶಿವನೇ ಕುಣಿದನಂತೆ. ಸಿಂಧೂ ಬಯಲಿನ ಕುಂಬಾರನಿಗೆ ಹರಿಹರನೊಬ್ಬ ಸಿಕ್ಕಲಿಲ್ಲ.

ಗುಜರಾತಿನ ಲೋಥಲ್ ಅನ್ನು ೧೯೫೫ರಿಂದ ಅಗೆಸಿದವರು ಕನ್ನಡಿಗರಾದ ಶಿಕಾರಿಪುರ ರಂಗನಾಥರಾಯರು. ಅಲ್ಲಿಯ ಒಂದು ಗಡಿಗೆಯ ಮೇಲೆ, ಮರದಲ್ಲಿ ಮೀನು ಕಚ್ಚಿ ಕುಳಿತ ಹಕ್ಕಿ, ಕೆಳಗೆ ನರಿಯಂಥ ಪ್ರಾಣಿಯ ಚಿತ್ರವಿದೆ. ರಾಯರಿಗೆ ಅದರಲ್ಲಿ ಪಂಚತಂತ್ರದ ಜಾತಿಯ ಕಥೆ ಕಂಡಿತು. ದುರ್ಗಸಿಂಹನ ಪಂಚತಂತ್ರವನ್ನು ಪಾಠ ಹೇಳುವ ನನಗೆ ಇದನ್ನು ನಂಬಲು ಆಸೆ ಬಹಳ. ಆದರೆ ಗಡಿಗೆಯ ಮೇಲಿರುವುದು ಚಿತ್ರ. ಕಥೆಯನ್ನು ಸೇರಿಸಿದವರು ನಾವು. ಆಸೆಯನ್ನು ಸಾಕ್ಷ್ಯವೆಂದು ಕರೆಯಲಾರೆ.

ಇನ್ನು ಮಣಿಗಾರನ ಮಾತು. ಕಾರ್ನೀಲಿಯನ್ ಎಂಬ ಕಲ್ಲು ಗಣಿಯಿಂದ ಬರುವಾಗ ಸಾಮಾನ್ಯವಾಗಿ ಮಾಸಲು ಹಳದಿ. ಹದವಾದ ಕಾವಿನಲ್ಲಿ ಮತ್ತೆ ಮತ್ತೆ ಕಾಯಿಸಿದರೆ ಕೆಂಪಗೆ ಬೆಳಗುತ್ತದೆ. ಅದನ್ನು ಚಕ್ಕೆಯೆಬ್ಬಿಸಿ, ಅರೆದು, ನೀಳವಾದ ಮಣಿ ಮಾಡಿ, ಉದ್ದಕ್ಕೂ ಕೊರೆಯಬೇಕು. ಸಿಂಧಿನ ಚನ್ಹುದಾರೊವನ್ನು ೧೯೩೫–೩೬ರಲ್ಲಿ ಅಗೆದ ಅರ್ನೆಸ್ಟ್ ಮೆಕೆಯವರಿಗೆ ಮಣಿ ಮಾಡುವವರ ಕಾರ್ಯಾಗಾರವೂ ಅಲ್ಲಿಯ ಕೊರೆಗಲ್ಲುಗಳೂ ಕಂಡವು. ಆ ಕಲ್ಲಿಗೆ ಮುಂದೆ ಅವರ ನೆನಪಿಗಾಗಿ ಅರ್ನೆಸ್ಟೈಟ್ ಎಂದೇ ಹೆಸರಾಯಿತು. ಜೊನಾಥನ್ ಮಾರ್ಕ್ ಕೆನೊಯರ್ ಎಂಬ ವಿದ್ವಾಂಸರು ಪ್ರಯೋಗ ಮಾಡಿ ನೋಡಿದರು: ಒಂದು ಗಂಟೆಗೆ ಕೊರೆದದ್ದು ಎರಡೂವರೆ ಮಿಲಿಮೀಟರ್. ಆರು ಸೆಂಟಿಮೀಟರ್ ಮಣಿಯೊಂದಕ್ಕೆ ಇಪ್ಪತ್ತನಾಲ್ಕು ಗಂಟೆ. ಎರಡು ತುದಿಗಳಿಂದಲೂ ಕೊರೆಯುತ್ತ ಬಂದು ನಡುವೆ ಕೂಡಿಸಬೇಕು. ಕೊನೆಯ ಗಳಿಗೆಯಲ್ಲಿ ಬಿರುಕು ಬಿಟ್ಟರೆ ಅಷ್ಟು ದಿನದ ದುಡಿಮೆಯೂ ಮಣ್ಣುಪಾಲು. ಕರಾಚಿಯ ಬಳಿ ಅಲ್ಲಾದಿನೊದಲ್ಲಿ ಇಂಥ ೩೬ ಮಣಿಗಳ ಡಾಬೊಂದು ದೊರೆತಿದೆ. ಅದಕ್ಕೆ ೪೮೦ಕ್ಕೂ ಹೆಚ್ಚು ದಿನಗಳ ಕೆಲಸ ಹಿಡಿದಿರಬೇಕೆಂದು ಅವರ ಲೆಕ್ಕ. ಇಂಥ ಮಣಿಗಳು ದೂರದ ಊರ್ ನಗರದ ರಾಜಸಮಾಧಿಗಳಲ್ಲಿಯೂ ಸಿಕ್ಕಿವೆ. ತೊಟ್ಟ ರಾಣಿಯ ಹೆಸರು ಪು-ಆಬಿ ಎಂದು ನಮಗೆ ಗೊತ್ತು; ಮಣಿ ಮಾಡಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಕೆಲವು ಕೆಂಪು ಮಣಿಗಳ ಮೇಲೆ ಬಿಳಿಯ ಗೆರೆಗಳಿವೆ. ಅವು ಬಳಿದ ಬಣ್ಣವಲ್ಲ, ಉಜ್ಜಿದರೆ ಹೋಗುವುದಿಲ್ಲ. ಇದನ್ನು ಮಾಡುವ ಬಗೆಯನ್ನು ಮೆಕೆಯವರು ಯಾವ ಗ್ರಂಥದಿಂದಲೂ ತಿಳಿಯಲಿಲ್ಲ. ಸಿಂಧಿನ ಸೆಹ್ವಾನ್ ಊರಿನ ಮುದುಕನೊಬ್ಬ ಮಾಡಿ ತೋರಿಸಿದ. ಗಿಡವೊಂದರ ಚಿಗುರನ್ನು ಅರೆದು, ಸೋಡಾದೊಡನೆ ಕಲಸಿ, ಜೊಂಡಿನ ಲೇಖನಿಯಿಂದ ಮಣಿಯ ಮೇಲೆ ಗೆರೆಯೆಳೆದು, ಕೆಂಡದಲ್ಲಿ ಕಾಯಿಸಿದ. ಒರೆಸಿದಾಗ ಬಿಳಿಯ ಗೆರೆ ಮೂಡಿತ್ತು. ೧೯೩೩ರಲ್ಲಿ ಮೆಕೆಯವರು ಅದನ್ನು ಬರೆದು ಪ್ರಕಟಿಸಿದರು. ಆ ಮುದುಕನ ಮನೆ ಬಾಗಿಲಿಗೆ ಅವರು ಹೋಗದಿದ್ದರೆ ನಮ್ಮ ವಸ್ತು ಸಂಗ್ರಹಾಲಯಗಳಲ್ಲಿ ಮಣಿಗಳಿರುತ್ತಿದ್ದುವು, ಮಾಡುವ ಬಗೆ ಇರುತ್ತಿರಲಿಲ್ಲ.

ಕೆಂಪುಮಣಿಯ ಕಸುಬು ಲೋಥಲ್‌ಗೆ ದೂರವಲ್ಲದ ಖಂಭಾತಿನಲ್ಲಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಕೊರೆಯುವ ಮೊನೆ ಈಗ ವಜ್ರದ್ದು, ಆದ್ದರಿಂದ ಕೆಲಸ ಬೇಗ ಸಾಗುತ್ತದೆ. ಕಲ್ಲನ್ನು ಕೆಂಪಗೆ ಮಾಡುವುದು ಮಾತ್ರ ಅಂದಿನಂತೆ ಕಾವಿನಿಂದಲೇ.