ಮೂರು ವರ್ಷಕ್ಕೆಂದು ಹೋದ ಡಾಕ್ಟರಮ್ಮ

ಮೊನ್ನೆ ನನಗೊಂದು ಮೇಲ್ ಬಂತು. ಬರೆದವರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ವಯಸ್ಸು 41. ಮನೆ ಕಟ್ಟಿಸಿದ್ದಾರೆ, ಸಾಲ ತೀರಿಸಿದ್ದಾರೆ, ಮಕ್ಕಳು ಒಳ್ಳೆ ಸ್ಕೂಲಲ್ಲಿ ಓದ್ತಿದ್ದಾರೆ. ಎಲ್ಲ ಬರೆದು ಕೊನೆಗೆ ಒಂದು ಮಾತು ಕೇಳಿದ್ದರು. 'ಸರ್, ಎಲ್ಲಾ ಇದೆ. ಆದ್ರೆ ಬೆಳಗ್ಗೆ ಯಾಕೆ ಏಳಬೇಕು ಅಂತ ಗೊತ್ತಾಗ್ತಿಲ್ಲ. ಏನಾದ್ರೂ ಒಳ್ಳೇದು ಮಾಡಬೇಕು ಅನ್ಸುತ್ತೆ. ಏನು ಮಾಡಬೇಕು ಅಂತ ಹೊಳೀತಿಲ್ಲ.'

ಇಂಥ ಪತ್ರಗಳು ನನಗೆ ಆಗಾಗ ಬರ್ತವೆ. ಸಾಮಾನ್ಯವಾಗಿ 'ಧೈರ್ಯವಾಗಿರಿ, ಒಳ್ಳೆಯದಾಗುತ್ತೆ' ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ತೇನೆ. ಈ ಸಲ ಹಾಗೆ ಮಾಡಲು ಮನಸ್ಸಾಗಲಿಲ್ಲ. ಯಾಕೆಂದರೆ ಇವತ್ತು ಮೇ 23. ಕ್ಯಾಲೆಂಡರಿನಲ್ಲಿ ಈ ದಿನದ ಪಕ್ಕದಲ್ಲಿ ಏನೂ ಬರೆದಿರುವುದಿಲ್ಲ. ವಿಶ್ವಸಂಸ್ಥೆ ಮಾತ್ರ 2013ರಿಂದ ಈ ದಿನವನ್ನು ಹೆರಿಗೆಯ ಫಿಸ್ಟುಲಾ ನಿರ್ಮೂಲನೆಯ ದಿನ ಅಂತ ಆಚರಿಸುತ್ತಿದೆ. ಆ ಎಂಜಿನಿಯರ್ ಕೇಳಿದ ಪ್ರಶ್ನೆಗೂ ಈ ದಿನಕ್ಕೂ ಒಂದು ಸಂಬಂಧವಿದೆ. ಅದನ್ನೇ ಇವತ್ತು ಹೇಳ್ತೇನೆ.

1959. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ದಂಪತಿ ರೆಜಿನಾಲ್ಡ್ ಹ್ಯಾಮ್ಲಿನ್ ಮತ್ತು ಕ್ಯಾಥರೀನ್ ಹ್ಯಾಮ್ಲಿನ್. ಇಬ್ಬರೂ ಹೆರಿಗೆ ತಜ್ಞರು. ಗಂಡನಿಗೆ ಐವತ್ತು ದಾಟಿದೆ, ಹೆಂಡತಿಗೆ 35, ಮಗನಿಗೆ ಆರು ವರ್ಷ. ಅಂದರೆ ನಮ್ಮಲ್ಲಾದರೆ 'ಇನ್ನೇನು, ನೆಮ್ಮದಿಯಾಗಿ ಇದ್ದುಬಿಡಿ' ಅನ್ನುವ ಹಂತ. 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಒಂದು ಜಾಹೀರಾತು ನೋಡಿದರು. ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ಸೂಲಗಿತ್ತಿಯರ ಶಾಲೆ ತೆರೆಯಲು ವೈದ್ಯರು ಬೇಕಾಗಿದ್ದಾರೆ, ಮೂರು ವರ್ಷದ ಒಪ್ಪಂದ. ಸರಿ, ಹೋಗಿ ಬರೋಣ ಅಂತ ಹೊರಟರು. ಗಮನಿಸಿ, ಅವರು ಜೀವನದ ಅರ್ಥ ಹುಡುಕಿಕೊಂಡು ಹೋದವರಲ್ಲ. ಒಂದು ಕೆಲಸಕ್ಕೆ ಅರ್ಜಿ ಹಾಕಿ ಹೋದವರು.

ಅವರು ಸೇರಿದ ಆಸ್ಪತ್ರೆಯ ಹೆಸರು ಪ್ರಿನ್ಸೆಸ್ ತ್ಸೆಹಾಯ್ ಸ್ಮಾರಕ ಆಸ್ಪತ್ರೆ. ಈ ತ್ಸೆಹಾಯ್ ಯಾರು? ಚಕ್ರವರ್ತಿ ಹೈಲೆ ಸೆಲಾಸಿಯ ಮಗಳು. ಇಂಗ್ಲೆಂಡಿನಲ್ಲಿ ನರ್ಸಿಂಗ್ ಕಲಿತು ಬಂದವಳು. 1942ರಲ್ಲಿ ಬಸಿರಿನ ತೊಡಕಿನಿಂದಲೇ ತೀರಿಕೊಂಡಳು. ಯೋಚನೆ ಮಾಡಿ. ರಾಜಕುಮಾರಿಯ ಪಾಡೇ ಹೀಗಾದರೆ ಗುಡ್ಡದ ಮೇಲಿನ ಹಳ್ಳಿಯ ಹೆಣ್ಣುಮಕ್ಕಳ ಪಾಡೇನು?

ಆ ಪಾಡಿಗೆ ಒಂದು ಹೆಸರಿದೆ. ಫಿಸ್ಟುಲಾ. ನಮ್ಮಲ್ಲಿ ಮೂಲವ್ಯಾಧಿಯ ಜೊತೆ ಕೇಳಿಬರುವ ಫಿಸ್ಟುಲಾ ಅಲ್ಲ, ಇದು ಹೆರಿಗೆಯದ್ದು. ಊಟದ ಹೊತ್ತು, ಕ್ಷಮಿಸಿ, ಆದರೆ ಇದನ್ನು ಹೇಳಲೇಬೇಕು. ಹೆರಿಗೆ ನೋವು ಶುರುವಾಗುತ್ತೆ, ಮಗು ಹೊರಗೆ ಬರೋದಿಲ್ಲ. ತಾಯಿ ಚಿಕ್ಕ ಹುಡುಗಿ, ಸೊಂಟ ಇನ್ನೂ ಬೆಳೆದಿಲ್ಲ. ಅಥವಾ ಮಗು ಅಡ್ಡ ತಿರುಗಿದೆ. ನಮ್ಮಲ್ಲಾದರೆ ಸಿಸೇರಿಯನ್ ಮಾಡ್ತಾರೆ, ಮುಗೀತು. ಅಲ್ಲಿ ಆಸ್ಪತ್ರೆ ಎರಡು ದಿನದ ನಡಿಗೆ. ನೋವು ಒಂದು ದಿನ, ಎರಡು ದಿನ, ಕೆಲವರಿಗೆ ನಾಲ್ಕೈದು ದಿನ. ಮಗುವಿನ ತಲೆ ತಾಯಿಯ ಮೂತ್ರಕೋಶವನ್ನು ಮೂಳೆಗೆ ಒತ್ತಿಕೊಂಡೇ ಇರುತ್ತೆ. ರಕ್ತ ಹರಿಯದೆ ಆ ಭಾಗ ಸತ್ತು, ಕೊಳೆತು, ಅಲ್ಲೊಂದು ತೂತು ಬೀಳುತ್ತೆ. ಮಗು ಬಹುಪಾಲು ಸತ್ತೇ ಹುಟ್ಟುತ್ತೆ. ತಾಯಿ ಬದುಕುತ್ತಾಳೆ. ಆದರೆ ಆಮೇಲೆ ಮೂತ್ರ ನಿಲ್ಲೋದಿಲ್ಲ. ಹಗಲು ರಾತ್ರಿ ಸೋರ್ತಾನೇ ಇರುತ್ತೆ. ಕೆಲವರಿಗೆ ಮಲವೂ ಸಹ.

ವಾಸನೆಗೆ ಗಂಡ ಬಿಟ್ಟು ಹೋಗ್ತಾನೆ. ತವರಿನವರು ಹಿತ್ತಿಲಲ್ಲಿ ಗುಡಿಸಲು ಹಾಕಿ ಕೊಡ್ತಾರೆ. ಬಸ್ಸಿನವರು ಹತ್ತಿಸಿಕೊಳ್ಳೋದಿಲ್ಲ. ಹದಿನಾರು, ಹದಿನೇಳರ ಹುಡುಗಿ, ತಾನು ಏನೋ ಪಾಪ ಮಾಡಿದ್ದೇನೆ ಅಂದುಕೊಂಡು ಮೂಲೆ ಸೇರ್ತಾಳೆ.

ಹ್ಯಾಮ್ಲಿನ್ ದಂಪತಿ ಅಡಿಸ್ ಅಬಾಬಕ್ಕೆ ಬಂದಿಳಿದಾಗಲೇ ಅಲ್ಲಿನ ವೈದ್ಯರೊಬ್ಬರು ಎಚ್ಚರಿಸಿದ್ದರಂತೆ, ಈ ಫಿಸ್ಟುಲಾ ರೋಗಿಗಳನ್ನು ನೋಡಿದರೆ ನಿಮ್ಮ ಎದೆ ಒಡೆದುಹೋಗುತ್ತೆ ಅಂತ. ಆವರೆಗೆ ಇವರಿಬ್ಬರೂ ಇಂಥ ಒಬ್ಬ ರೋಗಿಯನ್ನೂ ಕಂಡಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಆ ಕಾಯಿಲೆ ಪುಸ್ತಕದಲ್ಲಷ್ಟೇ ಉಳಿದಿತ್ತು. ಅದನ್ನು ರಿಪೇರಿ ಮಾಡುವ ಶಸ್ತ್ರಚಿಕಿತ್ಸೆಯೂ ಇವರಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲ ಅಂತ ಸುಮ್ಮನಿದ್ದರೆ? ಹಳೆಯ ಲೇಖನಗಳನ್ನು ಹುಡುಕಿ ಓದಿದರು. ಈಜಿಪ್ಟಿನ ಪ್ರೊಫೆಸರ್ ನಗೀಬ್ ಮಹಫೂಜ್ ಎಂಬ ವೈದ್ಯರ ಚಿತ್ರಗಳನ್ನು, ವಿಧಾನಗಳನ್ನು ಕಲಿತರು. ನಗೀಬ್ ಮಹಫೂಜ್ ಅಂದರೆ ನೊಬೆಲ್ ಪಡೆದ ಕಾದಂಬರಿಕಾರ ಅಲ್ವಾ ಅಂತೀರಿ. ಹೌದು, ಆ ಲೇಖಕನ ಕಷ್ಟದ ಹೆರಿಗೆ ಮಾಡಿಸಿದ್ದು ಇದೇ ಡಾಕ್ಟರು. ಕೃತಜ್ಞತೆಗೆ ತಂದೆತಾಯಿ ಮಗನಿಗೆ ಅವರ ಹೆಸರನ್ನೇ ಇಟ್ಟರು.

ಒಬ್ಬ ಹುಡುಗಿ ಗುಣವಾಗಿ ಊರಿಗೆ ಹೋದಳು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು. ಆಮೇಲೆ ಸಾಲು ನಿಲ್ಲಲೇ ಇಲ್ಲ. ಮೂರು ವರ್ಷದ ಒಪ್ಪಂದ ಮುಗಿಯಿತು, ಗಂಡ ಹೆಂಡತಿ ವಾಪಸ್ ಹೋಗಲಿಲ್ಲ. ಸಾಲಿನಲ್ಲಿ ನಿಂತವರನ್ನು ಬಿಟ್ಟು ಹೋಗೋದು ಹೇಗೆ? ಈ ರೋಗಿಗಳಿಗೇ ಪ್ರತ್ಯೇಕ ಆಸ್ಪತ್ರೆ ಬೇಕು ಅಂತ ದುಡ್ಡು ಕೂಡಿಸಿ, ಅಡಿಸ್ ಅಬಾಬದಲ್ಲಿ 1974ರಲ್ಲಿ ಫಿಸ್ಟುಲಾ ಆಸ್ಪತ್ರೆ ಸ್ಥಾಪಿಸಿದರು. ಅದೇ ವರ್ಷ ದೇಶದಲ್ಲಿ ಕ್ರಾಂತಿ. ಚಕ್ರವರ್ತಿ ಪದಚ್ಯುತ, ಮಿಲಿಟರಿ ಆಡಳಿತ. ವಿದೇಶಿಯರು ಗಂಟುಮೂಟೆ ಕಟ್ಟಿದರು. ಇವರು ಕಟ್ಟಲಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಗುಣವಾಗಿ ಹೊರಟವಳ ಮೈಮೇಲೆ ಒಂದು ಹೊಸ ಬಟ್ಟೆ. ವರ್ಷಗಟ್ಟಲೆ ಒದ್ದೆ ಬಟ್ಟೆಯಲ್ಲಿ ಬದುಕಿದವಳಿಗೆ ಒಣಗಿದ ಹೊಸ ಬಟ್ಟೆ ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ.

1993ರಲ್ಲಿ ರೆಜಿನಾಲ್ಡ್ ತೀರಿಕೊಂಡರು. ಕ್ಯಾಥರೀನ್ ಅಲ್ಲೇ ಉಳಿದರು. ತೊಂಬತ್ತರ ಆಸುಪಾಸಿನಲ್ಲೂ ಆಪರೇಷನ್ ಥಿಯೇಟರಿಗೆ ಹೋಗುತ್ತಿದ್ದರು. 2020ರ ಮಾರ್ಚ್ 18ರಂದು, 96ನೇ ವಯಸ್ಸಿನಲ್ಲಿ, ಅಡಿಸ್ ಅಬಾಬದ ತಮ್ಮ ಮನೆಯಲ್ಲೇ ಕಣ್ಣುಮುಚ್ಚಿದರು. ಮೂರು ವರ್ಷ ಅಂದಿದ್ದು 61 ವರ್ಷ ಆಗಿತ್ತು. ಅವರ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳ ಸಂಖ್ಯೆ 60 ಸಾವಿರ ದಾಟಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಬ್ಬ ಮಹಾತಾಯಿಯ ಕಥೆ ಆಗಿಬಿಡುತ್ತೆ. ಬಿಳಿಯರು ಬಂದರು, ಕರಿಯರನ್ನು ಉದ್ಧಾರ ಮಾಡಿದರು ಅನ್ನೋ ಹಳೆಯ ಕಥೆ. ನನಗೆ ಈ ಆಸ್ಪತ್ರೆ ಇಷ್ಟವಾಗೋದು ಅದಕ್ಕಲ್ಲ. ಮಮಿಟು ಗಾಶೆ ಅನ್ನೋ ಹೆಣ್ಣುಮಗಳಿಗಾಗಿ.

ಮಮಿಟು 1960ರ ದಶಕದ ಆರಂಭದಲ್ಲಿ ಆಸ್ಪತ್ರೆಗೆ ಬಂದಾಗ ಹದಿನಾರರ ಆಸುಪಾಸಿನ ಹುಡುಗಿ. ಹಳ್ಳಿಯವಳು, ಓದು ಬರಹ ಇಲ್ಲ. ಹೆರಿಗೆಯಲ್ಲಿ ಮಗು ಹೋಗಿತ್ತು, ಫಿಸ್ಟುಲಾ ಉಳಿದಿತ್ತು. ಚಿಕಿತ್ಸೆಯಾಯಿತು. ಊರಿಗೆ ಹೋಗಲಿಲ್ಲ. ಹಾಸಿಗೆ ಸರಿಮಾಡ್ತಾ, ಬೇರೆ ರೋಗಿಗಳನ್ನು ನೋಡಿಕೊಳ್ತಾ ಅಲ್ಲೇ ಇದ್ದಳು. ಡಾಕ್ಟರು ಅವಳ ಕೈ ಗಮನಿಸಿದರು. ಥಿಯೇಟರಿಗೆ ಕರೆದರು. ಉಪಕರಣ ಕೊಡಲು ನಿಲ್ಲಿಸಿದರು, ಆಮೇಲೆ ಹೊಲಿಗೆ ಕಲಿಸಿದರು, ಕೊನೆಗೆ ಇಡೀ ಶಸ್ತ್ರಚಿಕಿತ್ಸೆಯನ್ನೇ ಅವಳ ಕೈಗೆ ಒಪ್ಪಿಸಿದರು. ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತದ ಮಮಿಟು ಫಿಸ್ಟುಲಾ ಸರ್ಜನ್ ಆದಳು. ಹೊರದೇಶಗಳಿಂದ ಕಲಿಯಲು ಬಂದ ವೈದ್ಯರಿಗೆ ಹೇಳಿಕೊಟ್ಟಳು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಈ ತಂಡಕ್ಕೆ ಚಿನ್ನದ ಪದಕ ಕೊಟ್ಟಾಗ ಅದರಲ್ಲಿ ಮಮಿಟುಗೂ ಪಾಲಿತ್ತು.

ಯಾರಿಗೆ ಸೇವೆ ಮಾಡಲು ಹೋದರೋ ಅವಳೇ ಆ ಸೇವೆಯ ಯಜಮಾನಿಯಾದಳು. ಸಹಾಯ ಮಾಡಬೇಕು ಅನ್ನೋರಿಗೆ ನಾನು ಹೇಳೋದು ಇಷ್ಟೇ. ನೀವು ಕೊಟ್ಟಮೇಲೆ ಎದುರಿನವರ ಕೈ ಚಾಚಿಕೊಂಡೇ ಇದ್ದರೆ ಎಲ್ಲೋ ತಪ್ಪಾಗಿದೆ ಅಂತ ತಿಳೀರಿ. ಫೋಟೋ ಹಿಡಿದು ಬ್ರೆಡ್ಡು ಹಂಚುವವರು ಈ ಮಾತನ್ನು ಎರಡು ಸಲ ಕೇಳಬೇಕು.

ಇನ್ನೊಂದು ವಿಷಯ. ತೂತು ಮುಚ್ಚುತ್ತಾ ಕೂತರೆ ಸಾಲು ಮುಗಿಯೋದಿಲ್ಲ, ತೂತು ಬೀಳದ ಹಾಗೆ ನೋಡ್ಕೋಬೇಕು ಅಂತ ಕ್ಯಾಥರೀನ್‌ಗೆ ಗೊತ್ತಿತ್ತು. ಅವರು ಮೊದಲು ಬಂದದ್ದೇ ಸೂಲಗಿತ್ತಿಯರ ಶಾಲೆಗೆ ತಾನೆ? ಆ ಕೆಲಸಕ್ಕೆ 2007ರಲ್ಲಿ ಮತ್ತೆ ಕೈಹಾಕಿದರು. ಆಗ ಅವರಿಗೆ 83. ಹಳ್ಳಿಗಾಡಿನ ಹುಡುಗಿಯರಿಗೆ ತರಬೇತಿ ಕೊಟ್ಟು ಅವರ ಸೀಮೆಗೇ ವಾಪಸ್ ಕಳಿಸುವ ಕಾಲೇಜು ಶುರುವಾಯಿತು.

ಸೂಲಗಿತ್ತಿ ಅಂದಕೂಡಲೇ ನಮಗೆ ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮ ನೆನಪಾಗಬೇಕು. ಓದು ಬಾರದ ಅಜ್ಜಿ. 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. 'ನನ್ನ ಜೀವನದ ಉದ್ದೇಶ ಏನು' ಅಂತ ನರಸಮ್ಮ ಯಾರಿಗೂ ಪತ್ರ ಬರೆದಿರಲಾರರು. ಪಕ್ಕದ ಮನೆಯಲ್ಲಿ ಹೆಣ್ಣೊಬ್ಬಳು ನೋವು ತಿನ್ನುತ್ತಿದ್ದಳು, ಎದ್ದು ಹೋದರು, ಅಷ್ಟೇ.

ಈಗ ನನ್ನ ಸರದಿ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಗೆ ಆಸ್ಪತ್ರೆ ಸಿಗದೆ ಆಟೋದಲ್ಲೇ ಹೆರಿಗೆಯಾಯಿತು. ಇಡೀ ದಿನ ಬ್ರೇಕಿಂಗ್ ನ್ಯೂಸ್ ಓಡಿಸಿದೆ. ಡಾಕ್ಟರುಗಳಿಗೆ ಬೈದೆ, ಮಂತ್ರಿಗಳಿಗೆ ಬೈದೆ, ಸ್ಟುಡಿಯೋ ಬಿಸಿಯಾಯಿತು. ಸಂಜೆಗೆ ಬೇರೆ ಸುದ್ದಿ ಬಂತು, ಆ ಕಡೆ ಹೊರಟುಹೋದೆ. ಆ ತಾಯಿ ಏನಾದಳು? ಮಗು ಉಳಿಯಿತಾ? ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಮಾಡಲಿಲ್ಲ. ಆ ತಾಯಿಯ ಹೆಸರೂ ಇವತ್ತು ನನಗೆ ನೆನಪಿಲ್ಲ. ಆಟೋ ನಂಬರ್ ಮಾತ್ರ ನೆನಪಿದೆ, ದಿನವಿಡೀ ಪರದೆ ಮೇಲೆ ತೋರಿಸಿದ್ದೆನಲ್ಲ. ಆದ್ದರಿಂದ ನಾನು ಎತ್ತರದಲ್ಲಿ ನಿಂತು ಯಾರಿಗೂ ಉಪದೇಶ ಮಾಡುತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಈಗಲೂ ಜಗತ್ತಿನಲ್ಲಿ ಪ್ರತಿ ವರ್ಷ 50 ಸಾವಿರದಿಂದ 1 ಲಕ್ಷ ಹೆಣ್ಣುಮಕ್ಕಳಿಗೆ ಈ ಫಿಸ್ಟುಲಾ ಆಗುತ್ತಿದೆ. ತಡೆಯಬಹುದಾದ ಕಾಯಿಲೆ, ಗುಣಪಡಿಸಬಹುದಾದ ಕಾಯಿಲೆ.

ಎಂಜಿನಿಯರ್ ಸಾಹೇಬ್ರೇ, ಈಗ ನಿಮ್ಮ ಮೇಲ್‌ಗೆ ಉತ್ತರ. ನೀವು ಇಥಿಯೋಪಿಯಾಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಅಲ್ಲಿಗೆ ದುಡ್ಡು ಕಳಿಸುವ ಮನಸ್ಸಾದರೆ ಕಳಿಸಿ, ಒಳ್ಳೆಯದೇ. ಅದಕ್ಕೂ ಮೊದಲು ಈ ಭಾನುವಾರ ನಿಮ್ಮೂರಿನ ತಾಲೂಕು ಆಸ್ಪತ್ರೆಗೆ ಹೋಗಿ. ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂತ್ಕೊಳ್ಳಿ. ಯಾರಿಗೆ ರಕ್ತ ಬೇಕಾಗಿದೆ, ಯಾರ ಜೊತೆಗೆ ಬಂದ ಅಜ್ಜಿ ಊಟ ಮಾಡಿಲ್ಲ, ಡಿಸ್ಚಾರ್ಜ್ ಆದ ಯಾವ ಬಾಣಂತಿಗೆ ಮನೆ ತಲುಪಲು ಗಾಡಿಯಿಲ್ಲ, ಸುಮ್ಮನೆ ನೋಡಿ. ಅಲ್ಲಿನ ಸಿಸ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, 'ಏನು ಬೇಕಮ್ಮಾ ನಿಮಗೆ' ಅಂತ. ಫೋನ್ ಜೇಬಿನಲ್ಲೇ ಇರಲಿ, ಫೋಟೋ ಬೇಡ.

ಮೂರು ವರ್ಷದ ಒಪ್ಪಂದವೂ ಬೇಡ. ಮೂರು ಭಾನುವಾರ ಹೋಗಿ. ನಾಲ್ಕನೇ ಭಾನುವಾರ ನಿಮ್ಮನ್ನು ಅಲ್ಲಿ ಯಾರಾದರೂ ಕಾಯ್ತಾ ಇದ್ದರೆ ನನಗೆ ಇನ್ನೊಂದು ಮೇಲ್ ಬರೀರಿ. ಈ ಸಲ ಎರಡು ಸಾಲು ಬರೆದು ಮುಗಿಸೋದಿಲ್ಲ, ನಾನೂ ಬರ್ತೇನೆ.