ಮಠ, ಕಾರ್ಖಾನೆ, ಶಾಸನಸಭೆ



ಸ್ಪೇನ್ ದೇಶದ ಉತ್ತರಭಾಗದಲ್ಲಿ, ಎಬ್ರೊ ನದಿಯ ದಂಡೆಯ ಮೇಲೆ ಲೊಗ್ರೋನ್ಯೊ ಎಂಬ ಊರಿದೆ. ದ್ರಾಕ್ಷಿಮದ್ಯಕ್ಕೆ ಹೆಸರಾದ ಲಾ ರಿಯೋಹ ಪ್ರಾಂತ್ಯಕ್ಕೆ ಅದೇ ರಾಜಧಾನಿ. ಅಲ್ಲಿಯ ಶಾಸನಸಭೆ ಕೂಡುವ ಕಟ್ಟಡದ ಚರಿತ್ರೆಯನ್ನು ಗಿರಣಿಯಲ್ಲಿ ದುಡಿಯುವವರೂ ಅಂಗಡಿ ನಡೆಸುವವರೂ ತಿಳಿಯಬೇಕೆಂದು ನಾವು ಬಯಸುತ್ತೇವೆ.

ಮೊದಲು ಅದು ಮೆರ್ಸಿಡೇರಿಯನ್ ಸನ್ಯಾಸಿಗಳ ಮಠ. ಸೆರೆಯಾಳುಗಳನ್ನು ಹಣ ತೆತ್ತು ಬಿಡಿಸುವುದಕ್ಕಾಗಿ 1218ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಪಂಥ ಅವರದು. 1836ರಲ್ಲಿ ಮೆಂಡಿಸಾಬಲ್‌ನ ಸರಕಾರವು ದೇಶದ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಹರಾಜಿಗಿಟ್ಟಿತು. ಸರಕಾರದ ಸಾಲ ತೀರಬೇಕಿತ್ತು, ಯುದ್ಧಕ್ಕೆ ಹಣ ಬೇಕಿತ್ತು. ಆ ಭೂಮಿ ಉಳುವವನ ಕೈಸೇರಿತೇ? ಇಲ್ಲ. ಹರಾಜಿನಲ್ಲಿ ಕೂಗಲು ಹಣವಿದ್ದವರೇ ಹೆಚ್ಚಿನದನ್ನು ಕೊಂಡರು. ಮಠ ಹೋಗಿ ಜಮೀನುದಾರ ಬಂದ. ಗೇಣಿದಾರ ಗೇಣಿದಾರನಾಗಿಯೇ ಉಳಿದ.

ಆ ಶತಮಾನದ ಕೊನೆಯ ಹೊತ್ತಿಗೆ ಲೊಗ್ರೋನ್ಯೊದ ಮಠವು ಹೊಗೆಸೊಪ್ಪಿನ ಕಾರ್ಖಾನೆಯಾಯಿತು. ಹೊಗೆಸೊಪ್ಪು ಸರಕಾರದ ಏಕಸ್ವಾಮ್ಯ; 1887ರಲ್ಲಿ ಅದನ್ನು ಒಂದು ಕಂಪನಿಗೆ ಗುತ್ತಿಗೆ ಕೊಡಲಾಗಿತ್ತು. ಸನ್ಯಾಸಿಗಳು ಜಪ ಮಾಡಿದ ಕಡೆ ಹೆಂಗಸರು ಹೊಗೆಸೊಪ್ಪಿನ ಘಾಟಿನಲ್ಲಿ ದುಡಿದರು. ಬೀಡಿ ಕಟ್ಟುವ ನಮ್ಮ ಅಕ್ಕತಂಗಿಯರಿಗೆ ಆ ದುಡಿಮೆ ಎಂಥದೆಂದು ವಿವರಿಸಬೇಕಾಗಿಲ್ಲ. ಆ ಕಾರ್ಖಾನೆಯ ಚಿಮಣಿ ಇಂದಿಗೂ ನಿಂತಿದೆ.

1970ರ ದಶಕದ ಕೊನೆಯಲ್ಲಿ ಕಾರ್ಖಾನೆ ಊರ ಹೊರಗೆ ಹೋಯಿತು. 1975ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಸತ್ತ. 1978ರಲ್ಲಿ ಹೊಸ ಸಂವಿಧಾನ ಬಂತು. 1982ರಲ್ಲಿ ಲಾ ರಿಯೋಹಕ್ಕೆ ಸ್ವಾಯತ್ತತೆ ದೊರೆಯಿತು. ಆ ದಶಕದಲ್ಲೇ ಹಳೆಯ ಮಠವನ್ನು ದುರಸ್ತಿ ಮಾಡಿ ಶಾಸನಸಭೆಗೆ ಒಪ್ಪಿಸಿದರು. ಈಗ ಅಲ್ಲಿ ಜನರಿಂದ ಆಯ್ಕೆಯಾದ 33 ಮಂದಿ ಕೂಡುತ್ತಾರೆ. ಇದು ಸಣ್ಣ ಗೆಲುವಲ್ಲ.

ಆದರೆ ಮುಂದಿನದನ್ನೂ ಕೇಳಿರಿ. ಊರ ಹೊರಗೆ ಹೋದ ಕಾರ್ಖಾನೆ ಕೊನೆಗೆ ಬ್ರಿಟಿಷ್ ಕಂಪನಿಯೊಂದರ ಪಾಲಾಯಿತು. 2016ರಲ್ಲಿ ಅದನ್ನು ಮುಚ್ಚುವುದಾಗಿ ಕಂಪನಿ ಸಾರಿತು. ನೂರಾರು ಕುಟುಂಬಗಳ ಅನ್ನಕ್ಕೆ ಸಂಚಕಾರ ಬಂತು. ಆ ತೀರ್ಮಾನ ಹುಟ್ಟಿದ್ದು ಹಳೆಯ ಕಾರ್ಖಾನೆಯ ಗೋಡೆಗಳೊಳಗೆ ಕೂಡುವ ಜನಪ್ರತಿನಿಧಿಗಳ ಸಭೆಯಲ್ಲಲ್ಲ, ಬಂಡವಾಳಗಾರರ ಸಭೆಯಲ್ಲಿ.

ಇದರಿಂದ ನಾವು ಕಲಿಯಬೇಕಾದುದೇನು? ಕಟ್ಟಡ ಜನರದಾದ ಮಾತ್ರಕ್ಕೆ ದುಡಿಮೆಯ ಮೇಲಿನ ಅಧಿಕಾರ ಜನರದಾಗುವುದಿಲ್ಲ. ಓಟು ಅರ್ಧ ಹಕ್ಕು. ಕೆಲಸ ನಡೆಯುವ ಸ್ಥಳದಲ್ಲಿ ಮಾತು ನಡೆಯುವುದು ಉಳಿದರ್ಧ. ವರ್ತಕ ಮಿತ್ರರೇ, ಇದು ಕೂಲಿಕಾರರ ಗೋಳೆಂದು ಸುಮ್ಮನಿರಬೇಡಿ. ಗಿರಣಿಯಲ್ಲಿ ಸಂಬಳ ನಿಂತ ತಿಂಗಳೇ ನಿಮ್ಮ ಅಂಗಡಿಯ ಉದ್ರಿ ಪುಸ್ತಕ ತುಂಬುತ್ತದೆ.

ಮೊದಲರ್ಧವನ್ನು ಗಳಿಸಿದ್ದೇವೆ. ಉಳಿದರ್ಧಕ್ಕೆ ಸಂಘ ಕಟ್ಟೋಣ.